ಅಶ್ವತ್ಥನ ಆರಿಂಚು ತೇಗ

ಅಶ್ವತ್ಥನಿಗೆ ಆ ಹೆಸರಿಟ್ಟ ಹಳಿಯಾಳದ ಅಜ್ಜಿಗೆ ಮೊಮ್ಮಗ ಮುಂದೆ ಮರದ ವ್ಯಾಪಾರದಲ್ಲಿ ಹೊಟ್ಟೆ ಹೊರೆಯುತ್ತಾನೆಂಬ ಅಂದಾಜಿರಲಿಲ್ಲ. ಇದ್ದಿದ್ದರೆ ನಾಲ್ಕು ಜನ ಕೊಳ್ಳುವ ಮರದ ಹೆಸರಿಡುತ್ತಿದ್ದಳು. ಅಶ್ವತ್ಥ ಮರವನ್ನು ಯಾರೂ ಕೊಯ್ಯುವುದಿಲ್ಲ, ಕೊಯ್ದರೂ ಕೊಳ್ಳುವುದಿಲ್ಲ. ಸುತ್ತು ಹಾಕಿ ಮನೆಗೆ ಹೋಗುತ್ತಾರೆ. ಈ ಅಶ್ವತ್ಥನ ಪಾಲಿಗೆ ಅದೂ ಉಲ್ಟಾ. ವಿಶಾಖಪಟ್ಟಣದ ಬಂದರಿನ ಹಿಂದಿನ ದಿಮ್ಮಿ ಯಾರ್ಡಿನಲ್ಲಿ ಮೂವತ್ತೈದು ವರ್ಷ ಟೇಪು ಹಿಡಿದು ತಾನೇ ಮರಗಳಿಗೆ ಸುತ್ತು ಹಾಕಿದ. ಸುತ್ತಳತೆ, ಉದ್ದಳತೆ ಬರೆದ. ಅರವತ್ಮೂರನೆಯ ವಯಸ್ಸಿಗೆ, ಒಂದು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ, ವಿಜಯವಾಡ ಇನ್ನೇನು ಬಂತು ಎನ್ನುವಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತೇಗದ ಕಳ್ಳನಂತೆ ಕೂತಿದ್ದ.

ಹೊರಗೆ ಪುಟ್ಟ ಲಾರಿ ನಿಂತಿತ್ತು. ಅದರ ಮೇಲೆ ಹಗ್ಗ ಬಿಗಿದ ಒಂದೇ ಒಂದು ದಿಮ್ಮಿ. ಡ್ರೈವರ್ ಯಶ್ವಂತ್ ಬಾನೆಟ್ಟಿಗೆ ಒರಗಿ ಶೇಂಗಾ ತಿನ್ನುತ್ತಿದ್ದ.

"ಪರ್ಮಿಟ್‌ನಲ್ಲಿ ಉದ್ದ ಏಳಡಿ ಅಂತ ಬರ್ದೈತೆ ಸಾರ್," ಎಂದಳು ಸೆಕ್ಷನ್ ಆಫೀಸರ್ ಮಾಧವೀಲತಾ. "ನಾನು ಅಳೆದ್ರೆ ಏಳಡಿ ಆರಿಂಚು ಬರ್ತೈತೆ. ಒಂದೂವರೆ ಇಂಚು ಹೆಚ್ಚುಕಮ್ಮಿ ಆದ್ರೆ ಬಿಡಬಹುದು. ಮಿಕ್ಕಿದ್ದು ನಾಲ್ಕೂವರೆ ಇಂಚು ಎಲ್ಲಿಂದ ಬಂತು?"

ಅವಳು ಹಿಂದೂಪುರದ ಕಡೆಯವಳು. ಪರ್ಮಿಟ್ಟಿನಲ್ಲಿ ಅಶ್ವತ್ಥನ ಹೆಸರಿನ ಹಿಂದಿದ್ದ ಹಳಿಯಾಳ ನೋಡಿ ಕನ್ನಡದಲ್ಲೇ ಮಾತಾಡಿಸಿದ್ದಳು. ಕನ್ನಡ ಕೇಳಿದ ಕೂಡಲೇ ಅಶ್ವತ್ಥ ಅರ್ಧ ಕೆಲಸ ಆಯಿತೆಂದು ತಿಳಿದ. ಹತ್ತು ನಿಮಿಷದಲ್ಲಿ ಗೊತ್ತಾಯಿತು, ಆಗಿದ್ದು ಭಾಷೆ ಮಾತ್ರ.

"ಎಲ್ಲಿಂದ ಬರ್ತದ ಮೇಡಂ? ಮರದಾಗ ಇತ್ತು. ಮೊದಲಿಂದನೂ ಇತ್ತು. ಸತ್ತ ಮರ ಬೆಳೀತದೇನ್ರೀ?"

"ಹಂಗಾದ್ರೆ ಏಳಡಿ ಅಂತ ಬರೆದೋರು ಯಾರು?"

ಅಶ್ವತ್ಥ ಕನ್ನಡಕ ಸರಿಮಾಡಿಕೊಂಡು ಕಾಗದದ ಕೆಳತುದಿ ನೋಡಿದ. ಪರ್ಮಿಟ್ಟಿಗೆ ಆಧಾರವಾಗಿದ್ದ ಹಳೆಯ ಯಾರ್ಡ್ ಪಟ್ಟಿಯ ಕೆಳಗೆ ದುಂಡಗೆ ಬರೆದ ಸಹಿ ಅವನದೇ.

ಈ ಸಹಿಯ ಕತೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ದಾಂಡೇಲಿಯ ಸರ್ಕಾರಿ ನಾಟಾ ಡಿಪೋದಲ್ಲಿ ಅಳತೆ ಕಲಿತ ಅಶ್ವತ್ಥ, ಎಂಬತ್ಮೂರರಲ್ಲಿ ಒಬ್ಬ ಗುತ್ತಿಗೆದಾರನ ಬೆನ್ನು ಹತ್ತಿ ವಿಶಾಖಪಟ್ಟಣಕ್ಕೆ ಬಂದ. ಆಗ ಮರ ಬರುತ್ತಿದ್ದದ್ದು ಏಜೆನ್ಸಿ ಎನ್ನುವ ಮೇಲಿನ ಬುಡಕಟ್ಟು ಸೀಮೆಯ ಕಾಡುಗಳಿಂದ. ನರಸೀಪಟ್ಟಣದ ಘಾಟಿಯಿಳಿದು ಕೆಂಪು ಧೂಳು ಮೆತ್ತಿಕೊಂಡ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ರೈಲು ಹಳಿಗಳ ಅಡಿಗೆ ಹಾಕುವ ಸಾಲ ಮರದ ಸ್ಲೀಪರುಗಳ ಕೊನೆಯ ದಿನಗಳು ಅವು. ಸ್ಲೀಪರ್ ಎಂದರೂ ಅವುಗಳಿಂದ ಯಾರಿಗೂ ನಿದ್ದೆ ಇರಲಿಲ್ಲ. ಆಮೇಲೆ ರೈಲಿನವರು ಸಿಮೆಂಟಿಗೆ ಹೋದರು. ತೊಂಬತ್ತರ ದಶಕದಲ್ಲಿ ಕಾಡು ಕಡಿಯುವುದಕ್ಕೆ ತಡೆ ಬಂತು, ಲೈಸೆನ್ಸಿಲ್ಲದ ಸಾಮಿಲ್ಲುಗಳಿಗೆ ಬೀಗ ಬಿತ್ತು. ಇನ್ನು ಊರಿಗೆ ಹೋಗುವುದೇ ಎಂದುಕೊಂಡಾಗ ಹಡಗುಗಳು ಶುರುವಾದವು. ಮಲೇಷ್ಯಾದ್ದು, ಆಫ್ರಿಕಾದ್ದು, ಎಲ್ಲಕ್ಕಿಂತ ಮೇಲೆ ಬರ್ಮಾದ ತೇಗ. ಕಾಡು ಘಾಟಿಯಿಂದ ಇಳಿಯುವ ಬದಲು ಸಮುದ್ರದಿಂದ ಹತ್ತಿತು, ಅಷ್ಟೇ ವ್ಯತ್ಯಾಸ. ಅಶ್ವತ್ಥನ ಟೇಪಿಗೆ ಎರಡೂ ಒಂದೇ.

ಯಾರ್ಡಿನ ಅಳತೆಗೆ ಒಂದು ಪದ್ಧತಿಯಿತ್ತು. ಉದ್ದ ಅಳೆದಾಗ ಅಡಿಯ ಮೇಲೆ ಎಷ್ಟೇ ಇಂಚು ಬರಲಿ, ಬರೆಯುವುದು ಅಡಿ ಮಾತ್ರ. ಹದಿಮೂರಡಿ ಹತ್ತಿಂಚು ಬಂದರೂ ಹದಿಮೂರು. ಟೇಪು ಹಿಡಿದವನು "ಹದಿಮೂರ ಮೇಲೆ" ಎಂದು ಕೂಗಿದರೆ ಪುಸ್ತಕ ಹಿಡಿದವನು "ಚಿಲ್ಲರ ವದಿಲೆಯ್" ಅನ್ನುತ್ತಿದ್ದ, ಚಿಲ್ಲರೆ ಬಿಟ್ಟುಬಿಡು ಅಂತ. ದಿಮ್ಮಿಯ ತುದಿಯಲ್ಲಿ ಬಿರುಕಿದ್ದೀತು, ಪೊಳ್ಳಿದ್ದೀತು. ಒಳಗೇನಿದೆಯೆಂದು ಕೊಯ್ಯುವ ತನಕ ದೇವರಿಗೂ ತಿಳಿಯದು. ಆದ್ದರಿಂದ ಮೇಲಿನ ಇಂಚುಗಳು ಲೆಕ್ಕಕ್ಕಿಲ್ಲ. ಕೊಳ್ಳುವವನಿಗೂ ಗೊತ್ತು, ಮಾರುವವನಿಗೂ ಗೊತ್ತು. ಈ ಪದ್ಧತಿಯಲ್ಲಿ ಅಶ್ವತ್ಥನ ಕೈ ಎಷ್ಟು ಖಚಿತವಾಗಿತ್ತೆಂದರೆ ಎರಡು ಪಾರ್ಟಿಗಳ ನಡುವೆ ಜಗಳ ಬಂದರೆ "ಅಶ್ವತ್ಥಂಗಾರಿ ಕೊಲತ ಏಮಿಟಿ?" ಅಂದರೆ ಅಶ್ವತ್ಥನ ಅಳತೆ ಏನು ಹೇಳುತ್ತದೆ ಎಂದು ಕೇಳಿ, ಅಲ್ಲಿಗೆ ಮುಗಿಸುತ್ತಿದ್ದರು. ಒಮ್ಮೆ ಕೋರ್ಟಿನಲ್ಲೂ ಕೇಳಿದ್ದರು. ಅರಣ್ಯ ಇಲಾಖೆಯ ಅಳತೆಗಾರರ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಮೂವತ್ತೈದು ವರ್ಷದಲ್ಲಿ ಒಂದೂ 'ತಪ್ಪು' ಬಿದ್ದಿರಲಿಲ್ಲ. ಬೇರೆ ಆಸ್ತಿ ಮಾಡಿಕೊಂಡವನಲ್ಲ. ಆ ಖಾಲಿ ಜಾಗವೇ ಅವನ ಆಸ್ತಿ.

ಮದುವೆಯಲ್ಲೂ ಅದೇ ಯಾರ್ಡು ಕೆಲಸ ಮಾಡಿತು. ಗರಗಸದ ಹಲ್ಲು ತೀಡಿ ಸರಿಮಾಡುವವನನ್ನು ಆ ಕಸುಬಿನಲ್ಲಿ ಸಾ ಡಾಕ್ಟರ್ ಎನ್ನುತ್ತಾರೆ. ಪಕ್ಕದ ಮಿಲ್ಲಿನ ಸಾ ಡಾಕ್ಟರನ ಮಗಳು ಅನ್ನಪೂರ್ಣಮ್ಮ. 'ಹುಡುಗಿ ಡಾಕ್ಟರ ಮಗಳು' ಎಂದು ಅಶ್ವತ್ಥ ಹಳಿಯಾಳಕ್ಕೆ ಕಾಗದ ಬರೆದ. ಅದರಲ್ಲೂ ಮುಂದಿನ ಚಿಲ್ಲರೆ ಬಿಟ್ಟ. ಮದುವೆಗೆ ಬಂದ ಅವ್ವ ಮೂರು ದಿನ ಬೀಗರಿಗೆ ನೋಯುವ ಮೊಣಕಾಲು ತೋರಿಸಿದಳು.

ಎರಡು ಸಾವಿರದ ಹದಿನಾಲ್ಕರಲ್ಲಿ ಬರ್ಮಾದವರು ಇಡೀ ದಿಮ್ಮಿ ಕಳಿಸುವುದನ್ನೇ ನಿಲ್ಲಿಸಿದರು. ಕೊನೆಯ ಹಡಗಿನ ಒಂದು ಉದ್ದನೆಯ ದಿಮ್ಮಿ ಲಾರಿಗೆ ಹಿಡಿಸದೆ ತುದಿ ಕತ್ತರಿಸಬೇಕಾಯಿತು. ಆ ತುಂಡನ್ನು ಯಜಮಾನರು ಅಶ್ವತ್ಥನಿಗೆ ಕೊಟ್ಟರು: "ಮಗಳ ಮನೆ ಬಾಗಿಲಿಗೆ ಇಟ್ಟುಕೋ." ಅಶ್ವತ್ಥ ಅದಕ್ಕೂ ಟೇಪು ಹಿಡಿದು, ಏಳು ಎಂದು ಬರೆದು, ಸಹಿ ಹಾಕಿ, ತುದಿಗಳಿಗೆ ದಪ್ಪಗೆ ಟಾರು ಬಳಿದು ಶೆಡ್ಡಿನಲ್ಲಿಟ್ಟ. ಅದೇ ವರ್ಷ ಚಂಡಮಾರುತ ಬಂದು ಶೆಡ್ಡು ಹಾರಿತು, ದಿಮ್ಮಿ ಹಾರಲಿಲ್ಲ. ನಾಲ್ಕು ವರ್ಷ ಬಿಟ್ಟು ಯಾರ್ಡೂ ಮುಚ್ಚಿತು. ಮಗಳು ಹರಿಣಿ ಮದುವೆಯಾಗಿ ವಿಜಯವಾಡಕ್ಕೆ ಹೋದಳು. ದಿಮ್ಮಿ ಅಶ್ವತ್ಥನ ಹಿತ್ತಿಲಲ್ಲಿ ಒಣಗುತ್ತಾ ಕೂತಿತು. ಅದರ ಮೇಲೆ ಹಪ್ಪಳ ಒಣಗಿಸುತ್ತಿದ್ದ ಅನ್ನಪೂರ್ಣಮ್ಮ ದಿನಕ್ಕೊಮ್ಮೆ, "ಇದನ್ನು ಮೊದಲು ಸಾಗಿಸಿ, ಇಲ್ಲ ನನ್ನನ್ನು ಸಾಗಿಸಿ" ಎನ್ನುತ್ತಿದ್ದಳು.

ಈಗ ಹರಿಣಿ ಮತ್ತು ಅಳಿಯ ಫಣಿ ಮಂಗಳಗಿರಿ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದರು. ಗುರುವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ತಲೆಬಾಗಿಲಿನ ಚೌಕಟ್ಟು ನಿಲ್ಲಿಸುವ ಮುಹೂರ್ತ. ಅಂದರೆ ಬುಧವಾರ ಸಂಜೆಯೊಳಗೆ ದಿಮ್ಮಿ ವಿಜಯವಾಡದ ಮಿಲ್ಲಿನಲ್ಲಿ ಕೊಯ್ದಾಗಬೇಕು. ಆಗದಿದ್ದರೆ ಏನಾಗುತ್ತದೆಂಬುದೂ ತೀರ್ಮಾನವಾಗಿತ್ತು. ಫಣಿಯ ತಂದೆ ರಾಮಮೋಹನ್ ಬೆಂಜ್ ಸರ್ಕಲ್ಲಿನ ಶೋರೂಮಿನಿಂದ ಒಂದು ರೆಡಿಮೇಡ್ ಚೌಕಟ್ಟು ತಂದಿಟ್ಟಿದ್ದರು. ಒಳಗೆ ಪ್ಲಾಸ್ಟಿಕ್ಕು, ಮೇಲೆ ತೇಗದ ಚಿತ್ರ. ಬಾಗಿಲಿನ ವಿಷಯದಲ್ಲಿ ಬೀಗರು ಬಾಯಿ ಹಾಕುವುದು ಸಹಜವೇ ಎಂದು ಅಶ್ವತ್ಥ ನಗಲು ನೋಡಿದ್ದ. ಆದರೆ ಹರಿಣಿ ಕಳಿಸಿದ ಫೋಟೋದಲ್ಲಿ ಆ ಚಿತ್ರದ ಗಂಟು ಪ್ರತಿ ಒಂದಡಿಗೆ ಒಂದೇ ಥರ ಬರುತ್ತಿದ್ದದ್ದನ್ನು ನೋಡಿದ ಮೇಲೆ ನಗು ಬರಲಿಲ್ಲ.

ಚೆಕ್‌ಪೋಸ್ಟಿನಲ್ಲಿ ಫೋನು ಹೊಡೆದುಕೊಂಡಿತು. ರಾಮಮೋಹನರೇ.

"ಬಾವಗಾರೂ, ಎಲ್ಲಿಗೆ ಬಂದಿರಿ? ನೆನಪಿರಲಿ, ವಾಸ್ತು ಪ್ರಕಾರ ಬಾಗಿಲಿನ ನಿಲುವು ಏಳಡಿ ಮೂರಿಂಚು. ಮೇಸ್ತ್ರಿ ಗೋಡೆ ಅಷ್ಟೇ ಬಿಟ್ಟಿದ್ದಾನೆ. ನನ್ನ ಚೌಕಟ್ಟು ಕರೆಕ್ಟಾಗಿ ಅಷ್ಟಿದೆ. ಗೆದ್ದಲು ಹತ್ತೋದಿಲ್ಲ, ನೀರು ಹಿಡಿಯೋದಿಲ್ಲ."

"ಜೀವನೂ ಇರೂದಿಲ್ಲ," ಎಂದು ಅಶ್ವತ್ಥ ಫೋನಿಟ್ಟ.

ಅವನು ಮಾಧವೀಲತಾಳ ಕಡೆ ತಿರುಗಿದ. "ಮೇಡಂ, ಇದು ತಪ್ಪಲ್ರೀ, ಪದ್ಧತಿ. ಏಳರ ಮ್ಯಾಲೆ ಎಷ್ಟ ಬಂದ್ರೂ ಏಳು ಅಂತನ ಬರೀತಿದ್ವಿ. ನೀವು ಹುಟ್ಟೂಕಿಂತ ಮೊದಲಿಂದ ಹಿಂಗ ನಡದದ."

"ಇರಬಹುದು ಸಾರ್. ಆದ್ರೆ ಪದ್ಧತಿ ಅನ್ನೋ ಕಾಲಂ ಇಲ್ಲ." ಅವಳು ಟ್ಯಾಬ್ಲೆಟ್ ತಿರುಗಿಸಿ ತೋರಿಸಿದಳು. "ಎರಡೇ ಐತೆ ನೋಡಿ. ಹಿಂದಿನ ಅಳತೆ ಸರಿ. ಹಿಂದಿನ ಅಳತೆ ತಪ್ಪು. ಸರಿ ಅಂತ ಒತ್ತಿದ್ರೆ ಏಳಡಿ ಒಂದೂವರೆ ಇಂಚಿಗೆ ಕುಯ್ದು ಮಿಕ್ಕಿದ್ದು ಇಲ್ಲೇ ಬಿಟ್ಟು ಹೋಗ್ಬೇಕು."

"ಕುಯ್ದ್ರ ಬಾಗಲಾ ಗಿಡ್ಡ ಆಗ್ತದಲ್ಲ!"

"ಹಂಗಾದ್ರೆ ತಪ್ಪು ಅಂತ ಒತ್ತಿ ಸೈನ್ ಮಾಡಿ. ಫೈನಿಲ್ಲ, ಏನಿಲ್ಲ. ಪರ್ಮಿಟ್ ಏಳೂವರೆ ಅಂತ ತಿದ್ದಿ ಐದು ನಿಮಿಷದಲ್ಲಿ ಕಳಿಸ್ತೀನಿ. ವೈಜಾಗ್ ಆಫೀಸಲ್ಲಿ ಅಳತೆಗಾರರ ಪಟ್ಟಿ ಐತಲ್ಲ, ಅಲ್ಲಿ ನಿಮ್ಮ ಹೆಸರ ಮುಂದೆ ಒಂದು ರಿಮಾರ್ಕ್ ಹೋಗ್ತದೆ, ಅಷ್ಟೇ."

ಅಷ್ಟೇ! ಅಶ್ವತ್ಥ ಎದ್ದು ಹೊರಗೆ ಹೋದ.

"ಏಮಂಟುಂದಿ ಸಾರ್?" ಏನಂತಾಳೆ ಎಂದು ಯಶ್ವಂತ್ ಕೇಳಿದ.

"ಏನಂತಾಳ? ನಾ ಕಳ್ಳ ಆಗಬೇಕು, ಇಲ್ಲ ದಡ್ಡ ಆಗಬೇಕು. ಎರಡರಾಗ ಒಂದು ಒತ್ತು ಅಂತಾಳ."

ಯಶ್ವಂತ್ ದನಿ ತಗ್ಗಿಸಿದ. "ಏನಾದ್ರೂ ಕೊಡೋಣವಾ?"

"ಇಸಕೊಳ್ಳೂ ಪೈಕಿ ಆಗಿದ್ದರ ಇಷ್ಟೊತ್ತಿಗೆ ಮಿಲ್ ಮುಟ್ಟತಿದ್ವಿ. ಆಕಿ ನೀರು ಸುದ್ದಾ ನಾವು ತಂದ ಬಾಟಲಿಯಿಂದ ಕುಡೀಲಿಲ್ಲ." ಮೂವತ್ತೈದು ವರ್ಷ ಲಂಚಕೋರರನ್ನು ಬೈದ ಅಶ್ವತ್ಥನಿಗೆ ಆ ಬಿಸಿಲಲ್ಲಿ ಅವರ ಮೇಲೆ ಒಂಥರಾ ಪ್ರೀತಿ ಉಕ್ಕಿತು. ನ್ಯಾಯವಂತರ ಜೊತೆ ವ್ಯವಹಾರ ಮಾಡಲು ಅವನಿಗೆ ಅಭ್ಯಾಸವೇ ಇರಲಿಲ್ಲ.

ಒಂದು ಗಂಟೆಗೆ ಹರಿಣಿಯ ಫೋನು. ಅವಳ ಕನ್ನಡ ಅಪ್ಪನ ಜೊತೆಗಷ್ಟೇ ಹೊರಬರುವ ಬಟ್ಟೆ. ಎಲ್ಲೆಲ್ಲೋ ಬಿಗಿ, ಎಲ್ಲೆಲ್ಲೋ ಸಡಿಲ.

"ನಾನ್ನಾ, ಮಾವಗಾರು ಆ ಪ್ಲಾಸ್ಟಿಕ್ಕದ್ದು ಅರಿಶಿನ ಹಚ್ಚಿ ನಿಲ್ಲಿಸಿಬಿಟ್ರು. ಸಾಯಂಕಾಲ ಒಳಗೆ ನಿನ್ನದು ಬರದಿದ್ರೆ ಅದೇ ಹಾಕ್ತಾರೆ. ನಾನು ಎಷ್ಟು ಅಂತ ಫೈಟ್ ಮಾಡಲಿ? ನೀ ಬರ್ತೀಯ ತಾನೇ?"

"ಬರ್ತೀನವ್ವಾ."

"ಏನು ಪ್ರಾಬ್ಲಮ್?"

"ಏನಿಲ್ಲ. ಸಣ್ಣ ಬರವಣಿಗಿ ಕೆಲಸ."

ಅವನು ಒಳಗೆ ಬಂದು ಕುರ್ಚಿಯಲ್ಲಿ ಕೂತ. ಟ್ಯಾಬ್ಲೆಟ್ಟಿನ ಹೊಳಪಿನಲ್ಲಿ ಎರಡು ಚೌಕಗಳು. 'ತಪ್ಪು' ಎಂಬ ಚೌಕವನ್ನು ಬೆರಳಲ್ಲಿ ಒತ್ತಿದ. ಅದು ತೆಗೆದುಕೊಳ್ಳಲಿಲ್ಲ. ಹಗ್ಗ, ಟಾರು, ಟೇಪು ಹಿಡಿದ ಬೆರಳಿನ ಚರ್ಮ ಅದಕ್ಕೆ ಚರ್ಮವೆನಿಸಲಿಲ್ಲ. ಮತ್ತೆ ಒತ್ತಿದ. ಮೂರನೆಯ ಸಲಕ್ಕೂ ಆಗದೆ, "ಇದಕ್ಕೂ ನಂಬಿಕಿ ಬರವಲ್ದು" ಎಂದ.

"ಒರೆಸಿ ಒತ್ತಿ ಸಾರ್," ಎಂದು ಮಾಧವೀಲತಾ ಟಿಶ್ಯೂ ಕೊಟ್ಟಳು.

ನಾಲ್ಕನೆಯ ಸಲಕ್ಕೆ ತಪ್ಪು ಆಯಿತು. ಕೆಳಗೆ ಇನ್ನೊಂದು ಪ್ರಶ್ನೆ ತೆರೆಯಿತು: ಇಂಥ ತಪ್ಪು ಹಿಂದೆ ಎಷ್ಟು ಬಾರಿ ಆಗಿದೆ?

ಅಶ್ವತ್ಥ ಆ ಹುಡುಗಿಯ ಮುಖ ನೋಡಿದ. ದಿನಕ್ಕೆ ನೂರು ದಿಮ್ಮಿ ಎಂದರೂ ಮೂವತ್ತೈದು ವರ್ಷ. ಆ ಪೆಟ್ಟಿಗೆಯಲ್ಲಿ ಎರಡೇ ಅಂಕಿಗೆ ಜಾಗವಿತ್ತು.

"ಸೊನ್ನೆ ಹಾಕ್ರಿ," ಎಂದ. ಕೆಳಗೆ ಸಹಿ ಮಾಡಿದ.

ಮಿಲ್ಲು ಮುಟ್ಟಿದಾಗ ಎರಡೂವರೆ. ಒಂದು ಕಾಲಕ್ಕೆ ಹಗಲು ರಾತ್ರಿ ಕಿರುಚುತ್ತಿದ್ದ ಆ ಮಿಲ್ಲಿನಲ್ಲಿ ಈಗ ಒಂದೇ ಗರಗಸ ಬದುಕಿತ್ತು. ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆ ಕೊಯ್ಯುವುದು ಅದರ ದಿನಚರಿ. ಮಿಲ್ಲಿನವರು ತೇಗ ಕೊಯ್ದು ಎರಡು ವರ್ಷವಾಯಿತೆನ್ನುತ್ತಾ ನೋಡಲು ಸುತ್ತ ನಿಂತರು. ಹರಿಣಿ ಸ್ಕೂಟರಿನಲ್ಲಿ ಬಂದಳು. ಹಿಂದಿನ ಸೀಟಿನಲ್ಲಿ, ಮೇಲ್ವಿಚಾರಣೆಗೆಂದು, ರಾಮಮೋಹನ್.

ಗರಗಸ ಇಳಿಯಿತು. ಬರ್ಮಾ ತೇಗದ ಎಣ್ಣೆ ವಾಸನೆ ಎದ್ದಿತು, ಅಶ್ವತ್ಥನಿಗೆ ಇಡೀ ಯಾರ್ಡು ಮೂಗಿನೊಳಗೆ ಬಂದು ಕೂತಂತಾಯಿತು. ದಿಮ್ಮಿ ಎರಡಾಗಿ ಬಿಚ್ಚಿಕೊಳ್ಳತೊಡಗಿತು. ಚಿನ್ನದ ಬಣ್ಣ, ನೇರ ಎಳೆ. ಆಚೆ ತುದಿ ಹತ್ತಿರ ಬಂದಾಗ ಮಿಲ್ಲಿನವನು ಯಂತ್ರ ನಿಲ್ಲಿಸಿದ.

ಟಾರಿನ ಹಿಂದೆ ಒಂದು ಪೊಳ್ಳು. ಅದರ ಸುತ್ತ ನಾಲ್ಕು ದಿಕ್ಕಿಗೂ ತೊಗಟೆಯ ತನಕ ಬಿರುಕು. ಮಿಲ್ಲಿನವನು ಉಳಿಯಿಂದ ಕೆದಕಿದ, ಪುಡಿ ಉದುರಿತು. ಕೆಟ್ಟ ಭಾಗ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಸೀಮೆಸುಣ್ಣದ ಗೆರೆ ಎಳೆದು ಟೇಪು ಹಿಡಿದ.

"ಆರಿಂಚು ದಂಡ. ಒಳ್ಳೆ ಮರ ಸರಿಯಾಗಿ ಏಳಡಿ."

ಅಶ್ವತ್ಥ ಆ ಗೆರೆಯನ್ನೇ ನೋಡಿದ. ಏಳಡಿ. ಹನ್ನೊಂದು ವರ್ಷದ ಹಿಂದೆ ಅವನು ಬರೆದಿದ್ದ ಅಳತೆ. ಪೊಳ್ಳು ಅವನಿಗೆ ಆಗ ಕಂಡಿರಲಿಲ್ಲ, ಟಾರು ಬಳಿದದ್ದೂ ಅವನೇ. ಆದರೂ ಪದ್ಧತಿ ಸರಿ ಇತ್ತು, ಅವನು ಸರಿ ಇದ್ದ. ಅದನ್ನು ತಪ್ಪು ಎಂದು ಒಪ್ಪಿ ಸಹಿ ಹಾಕಿ ಸರಿಯಾಗಿ ಎರಡು ಗಂಟೆಯಾಗಿತ್ತು.

"ಅಂದರೆ ಮೂರಿಂಚು ಕಡಿಮೆ," ಎಂದರು ರಾಮಮೋಹನ್, ದುಃಖವನ್ನು ಬಹಳ ಕಷ್ಟದಿಂದ ನಟಿಸುತ್ತಾ. "ಏನು ಮಾಡೋದು ಬಾವಗಾರೂ, ವಾಸ್ತು ವಾಸ್ತುವೇ. ನನ್ನದು ಅರಿಶಿನ ಹಚ್ಚಿ ರೆಡಿ ಇದೆ."

ಅಶ್ವತ್ಥ ಆ ಗೆರೆಗೆ ತಾನೇ ಇನ್ನೊಮ್ಮೆ ಟೇಪು ಹಿಡಿದ. ಬಿಸಿಲಲ್ಲಿ ಕೂತು, ಹೆಸರು ಕಳೆದುಕೊಂಡು ತಂದ ದಿಮ್ಮಿ ಏಳಡಿಯ ಮೇಲೆ ಒಂದು ನೂಲೂ ಕೊಡಲಿಲ್ಲ. ಅಳತೆ ಅಳತೆಯೇ. ಅದನ್ನು ಹೇಳಿಕೊಂಡೇ ಅವನು ಬದುಕಿದ್ದ.

"ಮಾವಯ್ಯಗಾರೂ," ಎಂದಳು ಹರಿಣಿ, "ಹೊಸ್ತಿಲ ಕೆಳಗೆ ಮೂರಿಂಚು ಕಲ್ಲು ಕೂರಿಸಿ ಅದರ ಮೇಲೆ ಇದನ್ನ ನಿಲ್ಲಿಸಿದರೆ ನೆಲದಿಂದ ಎಷ್ಟಾಗುತ್ತೆ?"

"ಏಳಡಿ ಮೂರಿಂಚು. ಆದರೆ..."

"ವಾಸ್ತುವಿಗೆ ನೆಲದಿಂದ ಲೆಕ್ಕ ಅಂತ ನೀವೇ ತಾನೇ ವಾಟ್ಸಾಪ್‌ನಲ್ಲಿ ಕಳಿಸಿದ್ದು?"

ರಾಮಮೋಹನ್ ಫೋನು ತೆಗೆದು ತಾವು ಕಳಿಸಿದ್ದನ್ನು ತಾವೇ ಹುಡುಕತೊಡಗಿದರು. ಅವರಿಗೆ ಅದು ಸಿಗುವುದರೊಳಗೆ ಹರಿಣಿ ಮಿಲ್ಲಿನವನಿಗೆ ಏಳಡಿಗೆ ಕೊಯ್ಯಲು ಹೇಳಿಯಾಗಿತ್ತು. ಗುರುವಾರ ಒಂಬತ್ತು ನಲವತ್ತಕ್ಕೆ ತೇಗದ ಚೌಕಟ್ಟು ನಿಂತಿತು. ತೇಗದ ಚಿತ್ರದ ಚೌಕಟ್ಟು, ಅದರ ಅರಿಶಿನ ಸಮೇತ, ಹಿತ್ತಿಲ ಬಾಗಿಲಿಗೆ ಹೋಯಿತು. ರೈಲಿನಲ್ಲಿ ಬಂದ ಅನ್ನಪೂರ್ಣಮ್ಮ ನಿಲುವನ್ನು ಸವರಿ, "ಹಪ್ಪಳದ ಎಣ್ಣೆ ಕುಡಿದೇ ಇಷ್ಟು ಹೊಳಪು" ಎಂದಳು. ಅಶ್ವತ್ಥ ಎರಡು ಸಲ ಬೂಂದಿ ಹಾಕಿಸಿಕೊಂಡು ಉಂಡ, ತೃಪ್ತಿಯಿಂದ ತೇಗಿದ. ಆಗ ಫೋನು ಬಂತು.

"ಅಶ್ವತ್ಥ ಸಾರಾ? ಚೆಕ್‌ಪೋಸ್ಟಿಂದ ಮಾಧವೀಲತಾ. ಮಿಲ್ಲಿನೋರು ಆನ್‌ಲೈನಲ್ಲಿ ಏಳಡಿ ಕೊಯ್ದಿದೀವಿ ಅಂತ ಹಾಕಿದಾರೆ. ನಿನ್ನೆ ತಿದ್ದಿದ ಪರ್ಮಿಟ್ ಏಳೂವರೆ. ಇನ್ನು ಆರಿಂಚು ಯಾರಿಗೆ ಮಾರಿದ್ರಿ?"

ಅಶ್ವತ್ಥ ಎಲೆಯ ಮುಂದೆ ಕಣ್ಣು ಮುಚ್ಚಿದ. "ನಿನ್ನೆ ಹೆಚ್ಚಾತು ಅಂದ್ರಿ. ಇವತ್ತ ಕಮ್ಮಿ ಆತು ಅಂತೀರಿ. ಮೇಡಂ, ನನ್ನ ಮೊದಲಿನ ಅಳತಿ ಸರಿ ಇತ್ರೀ! ಆರಿಂಚು ಪೊಳ್ಳು!"

"ಪೊಳ್ಳಿದ್ರೂ ಮರಾನೇ ಸಾರ್. ತಂದು ತೋರಿಸಿ, ಕ್ಲೋಸ್ ಮಾಡ್ತೀನಿ."

ಶುಕ್ರವಾರ ಬೆಳಿಗ್ಗೆ ಅಶ್ವತ್ಥ ಗೋಣಿಚೀಲದಲ್ಲಿ ಆ ಗಾಡಿಚಕ್ರದಂಥ ಬಿಲ್ಲೆಯನ್ನು ಹೊತ್ತು ಬಸ್ಸು ಹತ್ತಿದ. ಬೇಡವೆಂದವರಿಗೆಲ್ಲ, "ಆ 'ತಪ್ಪು' ಅಳಿಸಿ ಬರ್ತೀನಿ" ಎಂದ. ಬಸ್ಸಿನಲ್ಲಿ ಅದು ಅವನ ತೊಡೆಯ ಮೇಲೆ ಕೂತು ಪ್ರತಿ ರಸ್ತೆಯುಬ್ಬಿಗೂ ಒಂದಿಷ್ಟು ಪುಡಿ ಉದುರಿಸಿತು. ಪಕ್ಕದವನು ಮೂರು ಸಲ ಪಂಚೆ ಕೊಡವಿಕೊಂಡು ನಾಲ್ಕನೆಯ ಸಲಕ್ಕೆ ಎದ್ದು ನಿಂತ.

ಮಾಧವೀಲತಾ ಬಿಲ್ಲೆಯನ್ನು ತಿರುಗಿಸಿ ನೋಡಿದಳು. ಪೊಳ್ಳಿನೊಳಗೆ ಕೈ ಹಾಕಿದಳು. ಬೆರಳಿಗೆ ಮೆತ್ತಿದ ಪುಡಿಯನ್ನು ಮೂಸಿದಳು. "ನಿಜ ಸಾರ್. ನಿಮ್ಮ ಏಳಡಿ ಸರಿ ಇತ್ತು," ಎಂದಳು, ಮೆಲ್ಲಗೆ.

"ಹಂಗಾದ್ರ ಅಳಿಸ್ರಿ."

"ಅಳಿಸೋ ಬಟನ್ ಇಲ್ಲ. ಹೊಸ ಎಂಟ್ರಿ ಹಾಕಬಹುದು." ಅವಳು ಹಾಕಿದಳು. ಪಟ್ಟಿಯಲ್ಲಿ ಅಶ್ವತ್ಥನ ಹೆಸರಿನ ಮುಂದೆ ಬುಧವಾರದ ದಿನಾಂಕದಲ್ಲಿ ಒಂದು ಸಾಲು: ಅಳತೆ ತಪ್ಪು. ಅದರ ಕೆಳಗೆ ಶುಕ್ರವಾರದ್ದು: ಅಳತೆ ಸರಿ. ಎರಡಕ್ಕೂ ಅವನದೇ ಸಹಿ.

ಅಶ್ವತ್ಥ ಎರಡೂ ಸಾಲು ಓದಿದ. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದ. "ಇದನ್ನ ಓದಿದಂವ ಏನಂತ ತಿಳೀಬೇಕು?"

"ಮನುಷ್ಯ ಅಂತ ತಿಳೀತಾರೆ ಬಿಡಿ," ಎಂದು ಅವಳು ನಕ್ಕಳು.

ಅವನಿಗೆ ನಗು ಬರಲಿಲ್ಲ. ಸಿಟ್ಟೂ ಪೂರ್ತಿ ಬರಲಿಲ್ಲ. ಬಿಲ್ಲೆಯನ್ನು ಅಲ್ಲೇ ಬಿಟ್ಟು ಎದ್ದ.

"ಸಾರ್, ಅದನ್ನ ಇಲ್ಲಿ ಬಿಡೋ ಹಂಗಿಲ್ಲ. ಜಪ್ತಿ ಮಾಡಿದ್ದಲ್ಲ, ನಿಮ್ಮ ಮಾಲು. ವಾಪಸ್ ಒಯ್ಯೋದಕ್ಕೂ ಒಂದು ಪರ್ಮಿಟ್ ಬೇಕು. ದಪ್ಪ ಎಷ್ಟು ಅಂತ ಬರೀಲಿ?"

ಅಶ್ವತ್ಥ ಅದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಧೊಪ್ಪನೆ ಕೂತ. ಕೈಯೆತ್ತಿ ಮುಗಿದ. "ನಾ ಒಲ್ಲೆ ತಾಯಿ. ನೀನ ಅಳತಿ ಮಾಡು. ಎಷ್ಟ ಅಂತೀ ಅಷ್ಟಕ್ಕ ಸೈ ಮಾಡ್ತೀನಿ."

ಅವಳು ಟೇಪು ತೆಗೆದಳು. ಜೀವನದಲ್ಲಿ ಮೊದಲ ಬಾರಿಗೆ ಅಶ್ವತ್ಥ ಕೈಕಟ್ಟಿ ಕೂತು ಇನ್ನೊಬ್ಬರು ಅಳೆಯುವುದನ್ನು ನೋಡಿದ. ಎಷ್ಟು ಹೊತ್ತು ಸಾಧ್ಯವೋ ಅಷ್ಟು ಹೊತ್ತು ಸುಮ್ಮನಿದ್ದ. ಅದು ಸುಮಾರು ಅರ್ಧ ನಿಮಿಷ.

"ಟೇಪು ಸೊಟ್ಟ ಆಗೇದ," ಎಂದು ಎದ್ದ. "ಕೊಡಿಲ್ಲೆ."